ಚೌಕ ಸೂರ್ಯ ಪರವಾಗಿಲ್ಲ, ತಕರಾರು ಚಂದ್ರನದ್ದು

ಮೈನ್‌ಕ್ರಾಫ್ಟ್ ಆಟದಲ್ಲಿ ಸೂರ್ಯ ಚೌಕ. ಚಂದ್ರನೂ ಚೌಕ. ಮರ, ಮೋಡ, ಹಸು, ಕುರಿ ಎಲ್ಲವೂ ಚೌಕವಾಗಿರುವ ಲೋಕದಲ್ಲಿ ಇವರಿಬ್ಬರು ಮಾತ್ರ ದುಂಡಗಿರಬೇಕು ಅಂತ ಹಟ ಹಿಡಿಯೋದು ನ್ಯಾಯವಲ್ಲ. ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರು ಇರೋದು ಆ ಚೌಕ ಚಂದ್ರ ಆಕಾಶದಲ್ಲಿ ನಿಂತಿರುವ ಜಾಗದ ಬಗ್ಗೆ.

ಆಡದವರಿಗಾಗಿ ಎರಡು ಮಾತು. ಇದು ಸ್ವೀಡನ್ ದೇಶದಲ್ಲಿ ಹುಟ್ಟಿದ ಆಟ. 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂತು, 2014ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಹಗಲಲ್ಲಿ ಮಣ್ಣು ಅಗೆದು, ಮರ ಕಡಿದು, ಮನೆ ಕಟ್ಟಬೇಕು. ಕತ್ತಲಾದರೆ ಜೋಂಬಿಗಳು ಬರ್ತಾವೆ. ಹಾಗಾಗಿ ಆಡುವವರೆಲ್ಲ ಆಗಾಗ ತಲೆಯೆತ್ತಿ ಹೊತ್ತು ಎಷ್ಟಾಯ್ತು ಅಂತ ನೋಡಲೇಬೇಕು. ಗಡಿಯಾರ ನೋಡಿಯೇ ಬೆಳೆದ ಮಕ್ಕಳು ಒಂದು ಆಟದ ದೆಸೆಯಿಂದ ಆಕಾಶ ನೋಡಿ ಹೊತ್ತು ಹೇಳೋದು ಕಲಿಯುತ್ತಿದ್ದಾರೆ. ನನಗೆ ಅದು ಸಣ್ಣ ವಿಷಯ ಅನ್ನಿಸೋದಿಲ್ಲ. ಅದಕ್ಕೇ ಆ ಆಕಾಶ ಎಷ್ಟು ಸರಿ ಅಂತ ಕೇಳಬೇಕು.

ಮೊದಲು ಮಾಫಿ ಮಾಡಬಹುದಾದವುಗಳನ್ನು ಪಕ್ಕಕ್ಕಿಡೋಣ.

ಆಟದ ಒಂದು ದಿನ ಅಂದರೆ ನಮ್ಮ 20 ನಿಮಿಷ. ನಿಜವಾಗಿಯೂ ಒಂದು ಗ್ರಹ 20 ನಿಮಿಷಕ್ಕೆ ಒಂದು ಸುತ್ತು ತಿರುಗಿದರೆ ಏನಾಗುತ್ತೆ? ಭೂಮಿಯಷ್ಟೇ ಸಾಂದ್ರತೆ ಇರುವ ಗೋಳ ಸುಮಾರು 84 ನಿಮಿಷಕ್ಕಿಂತ ಬೇಗ ತಿರುಗಿದರೆ ಅದರ ನಡುಗೆರೆಯ ಮೇಲಿನ ಕಲ್ಲು ಮಣ್ಣನ್ನು ಗುರುತ್ವಕ್ಕೆ ಹಿಡಿದಿಟ್ಟುಕೊಳ್ಳೋಕೆ ಆಗೋದಿಲ್ಲ, ಎಲ್ಲಾ ಹಾರಿಹೋಗುತ್ತೆ. 20 ನಿಮಿಷ ತಡೆದುಕೊಳ್ಳಬೇಕಾದರೆ ಭೂಮಿಗಿಂತ ಸುಮಾರು 18 ಪಟ್ಟು ಸಾಂದ್ರವಾಗಿರಬೇಕು. ಅಂಥ ಕಲ್ಲು ಎಲ್ಲೂ ಸಿಗೋದಿಲ್ಲ. ಆದರೆ ಹೀಗೆ ಲೆಕ್ಕ ಹಾಕೋದು ಕುಚೋದ್ಯ ಅಷ್ಟೇ. ಯಕ್ಷಗಾನದಲ್ಲಿ ಪಾತ್ರಧಾರಿ ರಂಗಸ್ಥಳಕ್ಕೆ ಎರಡು ಸುತ್ತು ಹಾಕಿದರೆ ಕಾಡು ದಾಟಿ ಇನ್ನೊಂದು ರಾಜ್ಯಕ್ಕೆ ಬಂದ ಅಂತ ನಾವು ಒಪ್ಪಿಕೊಳ್ಳೋದಿಲ್ವೆ? 20 ನಿಮಿಷವೂ ಹಾಗೇ. 24 ಗಂಟೆಯನ್ನು ಮಡಚಿಟ್ಟಿದ್ದಾರೆ, ನಾವು ಬಿಡಿಸಿಕೊಂಡು ನೋಡುತ್ತೇವೆ.

ಇನ್ನು ಸೂರ್ಯನ ದಾರಿ. ಆಟದಲ್ಲಿ ಪ್ರತಿ ಮಧ್ಯಾಹ್ನವೂ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನಮ್ಮ ಬೆಂಗಳೂರಿನಲ್ಲಿ ಅದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಕೋಲು ನೆಟ್ಟು ನೋಡ್ತಾರಲ್ಲ, ಅದೇ. ಆಟದಲ್ಲಿ ದಿನಾ ಶೂನ್ಯ ನೆರಳು. ಅಷ್ಟೇ ಅಲ್ಲ, ಆ ಲೋಕದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು 6 ಕೋಟಿ ಇಟ್ಟಿಗೆಗಳ ದೂರ. ಇಟ್ಟಿಗೆಗೆ ಒಂದು ಮೀಟರ್ ಅಂದರೆ 60,000 ಕಿಲೋಮೀಟರ್, ಭೂಮಿಯ ಸುತ್ತಳತೆಗಿಂತ ಒಂದೂವರೆ ಪಟ್ಟು! ಅಷ್ಟು ದೂರ ನಡೆದರೂ ಮಧ್ಯಾಹ್ನ ಎಲ್ಲಾ ಕಡೆ ಒಂದೇ ಹೊತ್ತಿಗೆ, ಸೂರ್ಯ ಎಲ್ಲಾ ಕಡೆ ನೆತ್ತಿಯ ಮೇಲೇ.

ನಕ್ಷತ್ರಗಳದ್ದೂ ಅದೇ ಕತೆ. ಸೂರ್ಯನ ಜೊತೆಗೇ ಅಂಟಿಕೊಂಡು ತಿರುಗುತ್ತವೆ. ಇವತ್ತು ನಡುರಾತ್ರಿ ನೆತ್ತಿಯ ಮೇಲಿದ್ದ ಚುಕ್ಕಿ ನೂರು ದಿನ ಬಿಟ್ಟು ನೋಡಿದರೂ ನಡುರಾತ್ರಿಗೆ ಅಲ್ಲೇ. ನಮ್ಮಲ್ಲಿ ಚುಕ್ಕಿಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ, ಅಂದರೆ ಸೂರ್ಯ ಚುಕ್ಕಿಗಳ ನಡುವೆ ಸರಿಯುತ್ತಾ ಹೋಗುತ್ತಾನೆ. ರೈತರು ಹೇಳುವ ಭರಣಿ ಮಳೆ, ಆರಿದ್ರಾ ಮಳೆ ಎಲ್ಲಾ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವ ಲೆಕ್ಕವೇ. ಮೈನ್‌ಕ್ರಾಫ್ಟ್‌ನಲ್ಲಿ ಆ ಲೆಕ್ಕ ಹುಟ್ಟೋದೇ ಇಲ್ಲ.

ಹಾಗಾದರೆ ಇವೆಲ್ಲ ತಪ್ಪುಗಳಾ? ನನ್ನ ಪ್ರಕಾರ ಅಲ್ಲ. ಗಮನಿಸಿ. ಆ ಲೋಕದಲ್ಲಿ ಋತುಗಳಿಲ್ಲ. ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ವಾಲೋದಿಲ್ಲ. ಚುಕ್ಕಿಗಳು ಸರಿಯೋದಿಲ್ಲ. ಮೂರೂ ಒಂದೇ ಮಾತು ಹೇಳುತ್ತಿವೆ: ಇಲ್ಲಿ ವರ್ಷ ಅನ್ನೋದು ಇಲ್ಲ. ಹಾಗೇ, ನೆಲ ಚಪ್ಪಟೆ, ಸೂರ್ಯ ಬಹಳ ದೂರ ಅಂತ ಇಟ್ಟುಕೊಂಡರೆ ಎಲ್ಲೆಲ್ಲೂ ಒಂದೇ ಮಧ್ಯಾಹ್ನ ಆಗಲೇಬೇಕು. ನಮ್ಮ ಲೋಕ ಅದಲ್ಲ, ಸರಿ. ಆದರೆ ಅದು ತನ್ನ ಮಾತಿಗೆ ತಾನು ತಪ್ಪಿಲ್ಲ. ಕಲ್ಪನೆಯ ಲೋಕದಿಂದ ನಾವು ಕೇಳಬೇಕಾದ್ದು ಇಷ್ಟೇ.

ಈಗ ಚಂದ್ರನಿಗೆ ಬರೋಣ.

ಮೈನ್‌ಕ್ರಾಫ್ಟ್ ಚಂದ್ರ ಯಾವಾಗಲೂ ಸೂರ್ಯನಿಗೆ ಸರಿಯಾಗಿ ಎದುರು. ಪಶ್ಚಿಮದಲ್ಲಿ ಸೂರ್ಯ ಮುಳುಗುತ್ತಿದ್ದಂತೆ ಪೂರ್ವದಲ್ಲಿ ಚಂದ್ರ ಹುಟ್ಟುತ್ತಾನೆ. ನಡುರಾತ್ರಿಗೆ ನೆತ್ತಿಯ ಮೇಲೆ, ಬೆಳಗಾಗುತ್ತಿದ್ದಂತೆ ಪಶ್ಚಿಮದಲ್ಲಿ ಅಸ್ತ. ಒಂದು ದಿನವೂ ತಪ್ಪೋದಿಲ್ಲ. ಈ ಥರ ಇರುವ ಚಂದ್ರನಿಗೆ ನಮ್ಮಲ್ಲಿ ಒಂದೇ ಹೆಸರು, ಹುಣ್ಣಿಮೆ ಚಂದ್ರ. ಆದರೆ ಆಟದಲ್ಲಿ ಇವನು ಎಂಟು ರಾತ್ರಿಗೆ ಎಂಟು ರೂಪ ತೋರಿಸುತ್ತಾನೆ. ಮೊದಲ ರಾತ್ರಿ ಪೂರ್ಣ, ಆಮೇಲೆ ಕರಗುತ್ತಾ ಅರ್ಧ, ಗೆರೆ, ಅಮಾವಾಸ್ಯೆ, ಮತ್ತೆ ಬೆಳೆಯುತ್ತಾ ಪೂರ್ಣ. ನಿಂತ ಜಾಗ ಹುಣ್ಣಿಮೆಯದ್ದು, ಮುಖ ಮಾತ್ರ ಬಿದಿಗೆಯದ್ದು!

ಚಂದ್ರನ ರೂಪ ಬದಲಾಗೋದು ಅವನು ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಅನ್ನುವುದರಿಂದ. ಸೂರ್ಯನ ಪಕ್ಕದಲ್ಲಿದ್ದರೆ ಬೆಳಕು ಬಿದ್ದ ಬದಿ ನಮಗೆ ಕಾಣೋದಿಲ್ಲ. ಎದುರಿಗಿದ್ದರೆ ಪೂರ್ತಿ ಕಾಣುತ್ತೆ. ನಮ್ಮ ಪಂಚಾಂಗದ ತಿಥಿ ಅಂದರೆ ಬೇರೇನಲ್ಲ, ಸೂರ್ಯ ಚಂದ್ರರ ನಡುವಿನ ಕೋನವನ್ನು 12 ಡಿಗ್ರಿಗಳ ತುಂಡು ಮಾಡಿದ್ದು. 12 ಡಿಗ್ರಿಗೆ ಒಂದು ತಿಥಿ, 30 ತಿಥಿಗೆ 360 ಡಿಗ್ರಿ. ಪಂಚಾಂಗದ ಫಲ ನಂಬುವುದು ಬಿಡುವುದು ಬೇರೆ ವಿಷಯ, ಈ ಲೆಕ್ಕ ಮಾತ್ರ ಶುದ್ಧ ರೇಖಾಗಣಿತ.

ಸಂಕಷ್ಟಿ ಮಾಡುವ ಮನೆಯವರಿಗೆ ಇದು ಹೊಟ್ಟೆಯಿಂದಲೇ ಗೊತ್ತು :-) ಹುಣ್ಣಿಮೆ ಕಳೆದ ಮೇಲೆ ಬರುವ ಚೌತಿಯ ದಿನ ಚಂದ್ರ ಸಂಜೆಗೆ ಹುಟ್ಟೋದಿಲ್ಲ. ದಿನಕ್ಕೆ ಸುಮಾರು 50 ನಿಮಿಷದಂತೆ ಹಿಂದೆ ಬಿದ್ದು ರಾತ್ರಿ ಎಂಟೂವರೆ, ಒಂಬತ್ತರ ಮೇಲೆ ಬರುತ್ತಾನೆ. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಸಮಯ ಅಚ್ಚು ಹಾಕೋದು ಅದಕ್ಕೇ. ಅಷ್ಟಮಿಯ ಅರ್ಧಚಂದ್ರ ಬರೋದು ನಡುರಾತ್ರಿಯ ಹೊತ್ತಿಗೆ. ಮೈನ್‌ಕ್ರಾಫ್ಟ್‌ನಲ್ಲಿ ಸಂಕಷ್ಟಿ ಮಾಡಿದರೆ ಸೂರ್ಯ ಮುಳುಗಿದ ಕೂಡಲೇ ಊಟಕ್ಕೆ ಕೂರಬಹುದು.

ಈ ಚಂದ್ರನನ್ನು ಭೌತಶಾಸ್ತ್ರದಿಂದ ಹೇಗಾದರೂ ಉಳಿಸಿಕೊಳ್ಳೋಕೆ ಆಗುತ್ತಾ ಅಂತಲೂ ನೋಡೋಣ. ಒಂದು ಕಾಯ ಸದಾ ಸೂರ್ಯನಿಗೆ ಎದುರಾಗಿ ಇರಬಹುದಾದ ಜಾಗ ನಿಜಕ್ಕೂ ಇದೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ, ಎರಡನೇ ಲಗ್ರಾಂಜ್ ಬಿಂದು. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಸುತ್ತುತ್ತಿರೋದು ಆ ಬಿಂದುವಿನ ಸುತ್ತ. ಆದರೆ ಆ ಜಾಗ ಬೆಟ್ಟದ ತುದಿಯ ಮೇಲಿಟ್ಟ ಗೋಲಿಯ ಹಾಗೆ, ಸ್ವಲ್ಪ ಅಲುಗಿದರೂ ಜಾರುತ್ತೆ. ವೆಬ್ ಆಗಾಗ ಇಂಜಿನ್ ಉರಿಸಿ ಸರಿಮಾಡಿಕೊಳ್ಳುತ್ತದೆ, ಚಂದ್ರನಿಗೆ ಇಂಜಿನ್ ಇಲ್ಲ. ಮೇಲಾಗಿ ಅಷ್ಟು ದೂರದಲ್ಲಿ ನಮ್ಮ ಚಂದ್ರ ಈಗಿನ ಕಾಲು ಭಾಗದಷ್ಟೇ ಅಗಲ ಕಾಣುತ್ತಾನೆ. ಸರಿಯಾಗಿ ಬಿಂದುವಿನಲ್ಲೇ ನಿಂತರೆ ಭೂಮಿಯೇ ಸೂರ್ಯನ ಬಹುಭಾಗವನ್ನು ಮುಚ್ಚಿ ಸದಾಕಾಲ ಮಂಕು.

ಇರಲಿ, ನಿಲ್ಲಿಸಿದೆವು ಅಂತಲೇ ಇಟ್ಟುಕೊಳ್ಳಿ. ರೂಪ ಬದಲಾಗೋದು ಹೇಗೆ? ಅದಕ್ಕೂ ಒಂದು ಉದಾಹರಣೆ ಸಿಗುತ್ತೆ. ಶನಿಯ ಉಪಗ್ರಹ ಇಯಾಪೆಟಸ್. 1671ರಲ್ಲಿ ಕ್ಯಾಸಿನಿ ಇದನ್ನು ಕಂಡುಹಿಡಿದ. ಶನಿಯ ಒಂದು ಪಕ್ಕಕ್ಕಿದ್ದಾಗ ಕಾಣುತ್ತಿತ್ತು, ಇನ್ನೊಂದು ಪಕ್ಕಕ್ಕೆ ಹೋದಾಗ ಮಾಯ! ಅದರ ಒಂದು ಮುಖ ಡಾಂಬರಿನಷ್ಟು ಕಪ್ಪು, ಇನ್ನೊಂದು ಹಿಮದಷ್ಟು ಬಿಳುಪು. ನಮ್ಮ ಕಡೆಯಿಂದ ನೋಡಿದರೆ ಅದಕ್ಕೆ ಹೆಚ್ಚುಕಡಿಮೆ ಸದಾ ಹುಣ್ಣಿಮೆಯೇ, ಆದರೂ ಬಣ್ಣದ ದೆಸೆಯಿಂದ ಬೆಳಗುತ್ತಾ ಮಂಕಾಗುತ್ತಾ ಇರುತ್ತದೆ. ಹಾಗೆ ಅರ್ಧ ಕರಿ, ಅರ್ಧ ಬಿಳಿ ಚಂದ್ರನೊಬ್ಬ ನಿಲ್ಲಲಾಗದ ಜಾಗದಲ್ಲಿ ನಿಂತು, ಎಂಟು ದಿನಕ್ಕೊಮ್ಮೆ ಬುಗುರಿಯಂತೆ ತಿರುಗಿದರೆ ಮೈನ್‌ಕ್ರಾಫ್ಟ್ ಆಕಾಶ ಸಾಧ್ಯ. ಇಷ್ಟೆಲ್ಲಾ ಸರ್ಕಸ್ ಮಾಡಬೇಕು ಅಂದರೆ ಸಾಧ್ಯವಿಲ್ಲ ಅಂತಲೇ ನನ್ನ ತೀರ್ಪು.

"ಅಯ್ಯೋ ಆಟ ತಾನೇ, ಜೋಂಬಿ ಇರುವ ಕಡೆ ಚಂದ್ರನ ಲೆಕ್ಕ ಯಾಕೆ?" ಅಂತ ಕೆಲವರು ಕೇಳಬಹುದು. ಜೋಂಬಿ ಸುಳ್ಳು ಅಂತ ಮಗುವಿಗೆ ಗೊತ್ತು. ಚಂದ್ರ ಸುಳ್ಳು ಅಂತ ಹೇಗೆ ಗೊತ್ತಾಗಬೇಕು? ಎಂಟು ರೂಪಗಳೂ ಸರಿಯಾದ ಕ್ರಮದಲ್ಲೇ ಬರುತ್ತವೆ, ನೋಡೋಕೆ ನಮ್ಮ ಚಂದ್ರನ ಹಾಗೇ ಇದೆ. ಅದೇ ತೊಂದರೆ. ಚಂದ್ರ ತೆಳುವಾಗೋದು ಅವನ ಮೇಲೆ ಭೂಮಿಯ ನೆರಳು ಬೀಳೋದರಿಂದ ಅನ್ನುವ ತಪ್ಪು ತಿಳುವಳಿಕೆ ದೊಡ್ಡವರಲ್ಲೂ ಬಹಳ ಇದೆ. ಅದು ಗ್ರಹಣದ ವಿವರಣೆ, ತಿಥಿಯದ್ದಲ್ಲ. ಆದರೆ ಚಂದ್ರನನ್ನು ಸದಾ ಸೂರ್ಯನ ಎದುರಿಗೇ ನಿಲ್ಲಿಸಿ ರೂಪ ಬದಲಾಯಿಸಿದರೆ, ನೋಡುವ ಮಗುವಿಗೆ ಉಳಿಯುವ ಸುಲಭ ವಿವರಣೆ ಅದೊಂದೇ! ಆಟದ ಆಕಾಶ ಆ ತಪ್ಪು ಪಾಠವನ್ನೇ ಪ್ರತಿ ರಾತ್ರಿ ಹೇಳಿಕೊಡುತ್ತಿದೆ. 2016ರಿಂದ ಈ ಆಟದ ಶಾಲಾ ಆವೃತ್ತಿಯೂ ಇದೆ, ತರಗತಿಗಳಲ್ಲಿ ಬಳಸುತ್ತಾರೆ. ಶಾಲೆಯೊಳಗೆ ಕಾಲಿಟ್ಟ ಮೇಲೆ "ಆಟ ತಾನೇ" ಅನ್ನುವ ಮಾತು ನಡೆಯೋದಿಲ್ಲ.

ಆಟಗಳಿಗೆ ಇದು ಆಗದ ಕೆಲಸವೂ ಅಲ್ಲ. 2015ರಲ್ಲಿ ಪೂರ್ಣರೂಪಕ್ಕೆ ಬಂದ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ನೋಡಿ. ಅದರ ಗ್ರಹ ಕೆರ್ಬಿನ್‌ನ ತ್ರಿಜ್ಯ ಬರೀ 600 ಕಿಲೋಮೀಟರ್, ಆದರೆ ಗುರುತ್ವ ಭೂಮಿಯಷ್ಟೇ. ಅಂದರೆ ಭೂಮಿಗಿಂತ ಹತ್ತು ಪಟ್ಟಿಗೂ ಹೆಚ್ಚು ಸಾಂದ್ರ, ಆಸ್ಮಿಯಂ ಲೋಹಕ್ಕಿಂತ ಎರಡೂವರೆ ಪಟ್ಟು! ಶುದ್ಧ ಸುಳ್ಳು. ಆದರೂ ಅಲ್ಲಿನ ಚಂದ್ರ ಮುನ್ ಕಕ್ಷೆಯಲ್ಲಿ ಸುತ್ತುತ್ತಾನೆ, ಸೂರ್ಯ ಇರುವ ದಿಕ್ಕಿನಿಂದ ಬೆಳಕು ಬೀಳುತ್ತೆ, ರೂಪ ತಾನಾಗಿಯೇ ಬದಲಾಗುತ್ತೆ. ಅಂಕಿ ಸುಳ್ಳು, ಸಂಬಂಧ ನಿಜ. ಅದನ್ನು ಆಡಿದ ಮಗು ಆಕಾಶ ಕಲಿಯುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ಇದರ ಉಲ್ಟಾ. ರೂಪ ನಿಜ, ಸಂಬಂಧ ಸುಳ್ಳು.

ಸರಿಮಾಡೋಕೆ ಬೇಕಾದ್ದು ಎಷ್ಟು? ಎಂಟು ದಿನಕ್ಕೆ ಒಂದು ಸುತ್ತು ಅಂದರೆ ದಿನಕ್ಕೆ 45 ಡಿಗ್ರಿ. ಆಟದ ಕಾಲದಲ್ಲಿ ಮೂರು ಗಂಟೆ, ನಮ್ಮ ಕಾಲದಲ್ಲಿ ಎರಡೂವರೆ ನಿಮಿಷ. ಪ್ರತಿದಿನ ಚಂದ್ರ ಅಷ್ಟು ತಡವಾಗಿ ಹುಟ್ಟಿದರೆ ಸಾಕು, ಎಲ್ಲಾ ತಾನಾಗಿಯೇ ಸರಿಹೋಗುತ್ತೆ. ಅರ್ಧಚಂದ್ರ ನಡುರಾತ್ರಿಗೆ ಬರ್ತಾನೆ, ಬಿದಿಗೆ ಚಂದ್ರ ಸಂಜೆ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು ಇಣುಕಿ ಹೋಗ್ತಾನೆ, ಹಗಲಲ್ಲೂ ಆಗಾಗ ಕಾಣ್ತಾನೆ. ಕೆಲವು ರಾತ್ರಿ ಚಂದ್ರನೇ ಇಲ್ಲದೆ ಬೋಳು ಆಕಾಶ ಇರುತ್ತೆ, ನಿಜ. ಅದರಿಂದ ಆಟ ಕೆಡೋದಿಲ್ಲ. ಈಗಲೇ ಜೌಗು ನೆಲದಲ್ಲಿ ಲೋಳೆಯ ಪ್ರಾಣಿಗಳು ಹುಣ್ಣಿಮೆಗೆ ಜಾಸ್ತಿ ಹುಟ್ಟುತ್ತವೆ, ಅಮಾವಾಸ್ಯೆಗೆ ಹುಟ್ಟೋದೇ ಇಲ್ಲ. ತಿಥಿ ನೋಡಿ ಬೇಟೆಗೆ ಹೋಗುವ ಆಟಗಾರರಿಗೆ ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಅನ್ನೋದೂ ಒಂದು ಲೆಕ್ಕವಾದರೆ ಆಟ ಇನ್ನೂ ರುಚಿ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಸೂರ್ಯ ಚೌಕವಾಗಿರಲಿ, ನೆಲ ಚಪ್ಪಟೆಯಾಗಿರಲಿ, ದಿನ 20 ನಿಮಿಷವೇ ಇರಲಿ. ಚಂದ್ರ ಮಾತ್ರ ಸೂರ್ಯನನ್ನು ಕೇಳಿ ಮುಖ ಬದಲಾಯಿಸಲಿ. ಅಲ್ಲಿಯವರೆಗೆ ಮನೆಯಲ್ಲಿ ಈ ಆಟ ಆಡುವ ಮಕ್ಕಳಿದ್ದರೆ ಒಂದು ಕೆಲಸ ಮಾಡಿ. ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ ಸಂಜೆ ತಾರಸಿಗೆ ಕರೆದುಕೊಂಡು ಹೋಗಿ, ತೆಳು ಚಂದ್ರ ಯಾವ ದಿಕ್ಕಿನಲ್ಲಿದ್ದಾನೆ, ಅವನ ಬೆಳಗುವ ಬದಿ ಯಾವ ಕಡೆಗಿದೆ ಅಂತ ಕೇಳಿ. ಸೂರ್ಯ ಮುಳುಗಿದ ಕಡೆಗೇ ಅಂತ ಅವರೇ ಹೇಳುತ್ತಾರೆ. ಆಮೇಲೆ ಆಟದ ಚಂದ್ರ ಯಾಕೆ ಹಾಗಿಲ್ಲ ಅನ್ನುವ ಪ್ರಶ್ನೆಯೂ ಅವರಿಂದಲೇ ಬರುತ್ತೆ.