ಪೈಲ್ಸ್ ಅಲ್ಲ ಮಾರಾಯ್ರೇ, ಫಿಶರ್!

ಊಟದ ಹೊತ್ತಿನಲ್ಲಿ ಇದನ್ನು ಓದುತ್ತಿರುವವರು ಊಟ ಮುಗಿಸಿಯೇ ಮುಂದುವರಿಸಿ. ಇವತ್ತಿನ ವಿಷಯ ಅಂಥದ್ದು.

ನಮ್ಮ ಜನ ಬಿಪಿ, ಶುಗರ್, ಮಂಡಿನೋವುಗಳ ಬಗ್ಗೆ ಮದುವೆ ಮನೆಯಲ್ಲೂ ಗಂಟೆಗಟ್ಟಲೆ ಮಾತಾಡುತ್ತಾರೆ. ಬೈಪಾಸ್ ಆದವರಂತೂ ಅಂಗಿಯ ಗುಂಡಿ ಬಿಚ್ಚಿ ಗಾಯ ತೋರಿಸುವುದೂ ಉಂಟು! ಆದರೆ ಗುದದ್ವಾರದಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೆ ಮಾತ್ರ ಬಾಯಿಗೆ ಬೀಗ. ಕಾಯಿಲೆಗಿಂತ ಈ ಬೀಗವೇ ಹೆಚ್ಚು ಹಾಳು ಮಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅನುಭವದಿಂದ ಹೇಳುತ್ತಿದ್ದೇನೆ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಯಿತಲ್ಲ, ಆಮೇಲೆ ಬ್ಯಾಂಕುಗಳ ಮುಂದೆ ಏನಾಯಿತು ಅಂತ ಸಾಲಿನಲ್ಲಿ ನಿಂತ ನಿಮಗೆ ಗೊತ್ತು. ಕೌಂಟರಿನ ಈಚೆ ಕಡೆಯ ಕಥೆ ನನ್ನದು. ಬೆಳಿಗ್ಗೆ ಡೊಂಬಿವಲಿಯಿಂದ ಬೇಗನೆ ಲೋಕಲ್ ಹಿಡಿಯುವ ಅವಸರದಲ್ಲಿ 'ಅದನ್ನು' ನಾಳೆಗೆ ಮುಂದೂಡುವುದು. ಲೋಕಲ್ ರೈಲಿನಲ್ಲಿ ಶೌಚಾಲಯ ಇಲ್ಲ, ಹಾಗಾಗಿ ನೀರು ಕುಡಿಯುವುದೇ ಬೇಡ. ಮಧ್ಯಾಹ್ನ ಸೀಟು ಬಿಟ್ಟು ಏಳಲಾಗದೆ ಒಂದು ವಡಾಪಾವ್, ಒಂದು ಕಟಿಂಗ್ ಚಹಾ. ಕ್ಯಾಶ್ ಟ್ಯಾಲಿ ಆಗುವಾಗ ರಾತ್ರಿ ಹತ್ತು. ಮೂರು ವಾರ ಹೀಗೆ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಜಿನ ಚೂರು ಹೊರಬಂದಂಥ ನೋವು, ಜೊತೆಗೆ ನಾಲ್ಕು ಹನಿ ಕೆಂಪು ರಕ್ತ. ಆಮೇಲೆ ಎರಡು ಮೂರು ಗಂಟೆ ಒಂದೇ ಸಮನೆ ಉರಿ.

ರಕ್ತ ಕಂಡರೆ ನಮಗೆ ಗೊತ್ತಿರುವುದು ಒಂದೇ ಹೆಸರು, ಪೈಲ್ಸ್. ಯಾರನ್ನೂ ಕೇಳಲಿಲ್ಲ. ಲೋಕಲ್ ಡಬ್ಬಿಗಳಲ್ಲಿ 'ಬವಾಸೀರ್, ಭಗಂದರ್, ಆಪರೇಷನ್ ಇಲ್ಲದೆ ಗ್ಯಾರಂಟಿ' ಅಂತ ಚೀಟಿ ಅಂಟಿಸಿರುತ್ತಾರಲ್ಲ, ಅಂಥ ಒಂದು ಚೀಟಿ ನೋಡಿ ಹೋಗಿ ಪುಡಿ ತಂದೆ. ಸಾವಿರಾರು ಜನರ ಸಾಲದ ಅರ್ಜಿಗಳಲ್ಲಿ ಕಾಗದಪತ್ರ ಸರಿಯಿಲ್ಲ ಅಂತ ವಾಪಸು ಕಳಿಸಿದ ಮನುಷ್ಯ ನಾನು, ಆ ಪುಡಿಯಲ್ಲಿ ಏನಿದೆ ಅಂತಲೂ ಕೇಳಲಿಲ್ಲ! ರಜೆ ಅರ್ಜಿಯಲ್ಲಿ 'ಬೆನ್ನುನೋವು' ಅಂತ ಬರೆದೆ. ಹೆಂಡತಿಗೂ ಅದನ್ನೇ ಹೇಳಿದೆ. ಪಾಪ, ಅವಳು ದಿನಾ ರಾತ್ರಿ ಬೆನ್ನಿಗೆ ಎಣ್ಣೆ ತಿಕ್ಕಿದಳು.

ಹೀಗೆ ನಾಲ್ಕು ತಿಂಗಳು ತಳ್ಳಿದೆ. ಮಾರ್ಚ್ ಕ್ಲೋಸಿಂಗ್ ಮುಗಿಸಿ ಕೊನೆಗೆ ಒಬ್ಬ ಸರ್ಜನ್ ಬಳಿ ಹೋದೆ. ಹಿಂದಿಯಲ್ಲಿ ಹೇಗೆ ಹೇಳುವುದು, ಮರಾಠಿಯಲ್ಲಿ ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ನಿಜ ಹೇಳಬೇಕೆಂದರೆ ಕನ್ನಡದಲ್ಲೂ ಆ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ಪರೀಕ್ಷೆ ಒಂದು ನಿಮಿಷದ್ದು. ಮಗ್ಗುಲಾಗಿ ಮಲಗಿಸಿ ಮೆಲ್ಲನೆ ಬಿಡಿಸಿ ನೋಡಿದರು, ಅಷ್ಟೇ. "ಇದು ಪೈಲ್ಸ್ ಅಲ್ಲ, ಫಿಶರ್" ಅಂದರು.

ವ್ಯತ್ಯಾಸ ಇಷ್ಟು ನೋಡಿ. ಪೈಲ್ಸ್ ಅಂದರೆ ರಕ್ತನಾಳಗಳ ಮೆತ್ತೆ ಊದಿಕೊಳ್ಳುವುದು. ಅದರಲ್ಲಿ ರಕ್ತ ಹೋದರೂ ಹೆಚ್ಚಾಗಿ ನೋವಿರುವುದಿಲ್ಲ. ಫಿಶರ್ ಅಂದರೆ ಒಳಚರ್ಮದ ಸೀಳು, ಇದರಲ್ಲಿ ನೋವೇ ಮುಖ್ಯ. ಗಟ್ಟಿ ಮಲ ಹೋಗುವಾಗ ಸೀಳುತ್ತದೆ. ನೋವಿಗೆ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ. ಬಿಗಿದರೆ ಅಲ್ಲಿಗೆ ರಕ್ತ ಸಂಚಾರ ಕಡಿಮೆ, ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ನಾವು ಸಂಡಾಸಿಗೆ ಹೋಗುವುದನ್ನು ಮುಂದೂಡುತ್ತೇವೆ, ಮಲ ಇನ್ನೂ ಗಟ್ಟಿಯಾಗಿ ಮರುದಿನ ಮತ್ತೆ ಸೀಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಕ್ರಬಡ್ಡಿ!

ಸಾಲದ ಕಂತು 90 ದಿನ ಬಾಕಿಯಾದರೆ ಎನ್‌ಪಿಎ ಅನ್ನುತ್ತೇವೆ. ಫಿಶರ್‌ಗೆ ಅಷ್ಟು ವಾಯಿದೆ ಇಲ್ಲ. ಆರೆಂಟು ವಾರ ದಾಟಿದರೆ ಅದು 'ಹಳೆಯ ಫಿಶರ್' ಲೆಕ್ಕಕ್ಕೆ ಸೇರುತ್ತದೆ. ಅಷ್ಟರೊಳಗೆ ಎಚ್ಚರಾದರೆ ಬಹಳಷ್ಟು ಮಂದಿಗೆ ಮನೆಯ ಕ್ರಮಗಳಲ್ಲೇ ವಾಸಿಯಾಗುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ, ಧಾರಾಳ ನೀರು. ರಾತ್ರಿ ಇಸಬಗೋಲು, ಅದೂ ದೊಡ್ಡ ಲೋಟ ನೀರಿನ ಜೊತೆ. ನೀರಿಲ್ಲದೆ ನುಂಗಿದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ದಿನಕ್ಕೆ ಎರಡು ಮೂರು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರುವುದು. ಬಿಗಿದ ಸ್ನಾಯು ಸಡಿಲವಾಗುತ್ತದೆ. ಸಂಡಾಸಿಗೆ ಮೊಬೈಲ್ ಒಯ್ದು ಕೂರಬೇಡಿ, ತಿಣುಕಬೇಡಿ, ಅವಸರ ಬಂದಾಗ ತಡೆಯಬೇಡಿ. ನಾನು ಮಾಟುಂಗಾ ಮಾರ್ಕೆಟಿನಿಂದ ಹರಿವೆ, ಬಸಳೆ ತರುವುದನ್ನು ಮತ್ತೆ ಶುರುಮಾಡಿದೆ. ಊರಿನಲ್ಲಿ ಅಮ್ಮ ಬಡಿಸುತ್ತಿದ್ದುದೇ ಅದು ತಾನೇ?

ನನ್ನದು ಹಳೆಯದಾಗಿದ್ದರಿಂದ ಡಿಲ್ಟಿಯಾಜೆಮ್ ಮುಲಾಮು ಎಂಟು ವಾರ ಹಚ್ಚಬೇಕಾಯಿತು. ಕೆಲವರಿಗೆ ನೈಟ್ರೋಗ್ಲಿಸರಿನ್ ಮುಲಾಮು ಕೊಡುತ್ತಾರೆ. ಹೌದು, ನೊಬೆಲ್ ಮಹಾಶಯ ಡೈನಮೈಟ್ ಮಾಡಿದ್ದು ಅದರಿಂದಲೇ! ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯಲ್ಲಿರುವುದೂ ಅದೇ. ಸ್ನಾಯು ಸಡಿಲಿಸುತ್ತದೆ, ಆದರೆ ತಲೆನೋವು ತರುತ್ತದೆ. ವಯಾಗ್ರದಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ, ಡಾಕ್ಟರ ಬಳಿ ಅದನ್ನು ಮುಚ್ಚಿಡಬೇಡಿ. ಇದ್ಯಾವುದಕ್ಕೂ ಬಗ್ಗದಿದ್ದರೆ ಬೊಟಾಕ್ಸ್ ಚುಚ್ಚುಮದ್ದು, ಇಲ್ಲವೇ ಸ್ನಾಯುವಿನ ಒಂದಿಷ್ಟು ಭಾಗ ಕತ್ತರಿಸುವ ಸಣ್ಣ ಆಪರೇಷನ್ ಇದೆ. ಆಪರೇಷನ್‌ನಿಂದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಗುಣವಾಗುತ್ತದೆ, ಕೆಲವರಿಗೆ ಗಾಳಿ ತಡೆಯುವ ಹಿಡಿತ ಸ್ವಲ್ಪ ಸಡಿಲವಾಗಬಹುದು. ಎರಡನ್ನೂ ಕೇಳಿ ತಿಳಿದುಕೊಂಡು ತೀರ್ಮಾನಿಸಿ. ಮೆಡಿಕಲ್ ಶಾಪಿನವನು ಕೊಡುವ ಸ್ಟಿರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ ಅನ್ನುವುದೂ ನೆನಪಿರಲಿ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಆ ದಿನಗಳಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಗೆಳೆಯ ಕೂರುತ್ತಿದ್ದ. ಡಿಎ ಅರಿಯರ್ಸಿನಿಂದ ಹಿಡಿದು ಮಕ್ಕಳ ಮಾರ್ಕ್ಸಿನವರೆಗೆ ನಾವು ಮಾತಾಡದ ವಿಷಯವಿಲ್ಲ. ನಾನು ಬೆನ್ನುನೋವು ಅಂತ ರಜೆ ಹಾಕಿದರೆ ಅವನು ಗ್ಯಾಸ್ ಟ್ರಬಲ್ ಅಂತ ಹಾಕುತ್ತಿದ್ದ. ಅವನಿಗೂ ರಕ್ತ ಹೋಗುತ್ತಿತ್ತಂತೆ. ನೋವಿರಲಿಲ್ಲ, ಹಾಗಾಗಿ ಪೈಲ್ಸ್ ಅಂತ ಅವನೂ ಪುಡಿ ತಿಂದ, ಒಂದು ವರ್ಷಕ್ಕೂ ಹೆಚ್ಚು. 2018ರಲ್ಲಿ ಕೊಲೊನೋಸ್ಕೋಪಿ ಮಾಡಿದಾಗ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯಿತು. ಮರುವರ್ಷ ಹೋಗಿಬಿಟ್ಟ. ನಾನು ಸರ್ಜನ್ ಬಳಿ ಹೋಗಿ ಬಂದ ದಿನ "ಹೀಗಾಗಿತ್ತು ಮಾರಾಯ, ಒಮ್ಮೆ ತೋರಿಸಿದೆ" ಅಂತ ಅವನಿಗೆ ಹೇಳಿದ್ದರೆ ಅವನೂ ಹೋಗುತ್ತಿದ್ದನೇ? ಗೊತ್ತಿಲ್ಲ. ನಾನು ಹೇಳಲಿಲ್ಲ ಅನ್ನುವುದಷ್ಟೇ ಗೊತ್ತು.

ಅದಕ್ಕೇ ಹೇಳುವುದು. ರಕ್ತ ಕಂಡರೆ ನೀವೇ ಹೆಸರಿಡಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ. ನಲವತ್ತೈದು ದಾಟಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದ ರೂಢಿ ಬದಲಾಗಿದ್ದರೆ ಒಂದು ದಿನವೂ ಮುಂದೂಡಬೇಡಿ. ಹೆಚ್ಚಿನವರದು ನನ್ನ ಹಾಗೆ ಟಬ್ಬು, ಇಸಬಗೋಲುಗಳಲ್ಲೇ ಮುಗಿಯುತ್ತದೆ. ಆಫೀಸಿನಲ್ಲಿ ಯಾರಾದರೂ ಕುರ್ಚಿಯ ಮೇಲೆ ಒಂದು ಬದಿಗೆ ವಾಲಿ ಕೂತಿದ್ದರೆ ನಗಬೇಡಿ, ಮೆಲ್ಲಗೆ ಒಂದು ಮಾತು ಕೇಳಿ. ನಾನಂತೂ ಈಗ ಕೇಳುತ್ತೇನೆ. ಇಬ್ಬರು ಬೈದರು, ಮೂವರು ಡಾಕ್ಟರ ಹತ್ತಿರ ಹೋದರು. ಲೆಕ್ಕ ಲಾಭದಲ್ಲೇ ಇದೆ. ಏನಂತೀರಿ?