ದಮ್ಮಿಗೆ ಬರೀ ಸೂಜಿ ಯಾಕ, ಪಂಪ್ ಯಾಕ ಬರೆಯಲ್ಲ?



ಚೀಕಲಪರ್ವಿ ಅಂದ್ರೆ ಹೊರಗಿನವರಿಗೆ ತುಂಗಭದ್ರಾ ದಂಡಿ, ವಿಜಯದಾಸರ ಊರು. ನಮ್ಮ ಕೇರಿಯವರಿಗೆ ಭತ್ತದ ಸುಗ್ಗಿ ಬಂತಂದ್ರೆ ಅದು ದಮ್ಮಿನ ಊರೂ ಹೌದು. ಹೊಲದಾಗ ಧೂಳು, ಹಮಾಲಿಗೆ ಹೋದ್ರೆ ಮಿಲ್ಲಿನ ತೌಡು, ಮನ್ಯಾಗ ಒಲಿ ಹೊಗಿ. ಧೂಳು ಜಾತಿ ನೋಡಲ್ಲ ಅಂತಾರ ಕೆಲವರು. ಖರೇ, ಧೂಳು ನೋಡಲ್ಲ. ಧೂಳಿನ ಕೆಲಸ ಕೊಡೋರು ನೋಡೇ ಕೊಡ್ತಾರ.

ನಮ್ಮವ್ವ ಹನ್ನೆರಡು ವರ್ಷ ಮಿಲ್ಲಿನಾಗ ಕಸ ಹೊಡದಾಕಿ. ನಡುರಾತ್ರಿ ಎದ್ದು ಕುಂತು, ಗೋಡಿ ಹಿಡ್ಕೊಂಡು ಉಸಿರು ಎಳೀತಿದ್ಳು. ಪ್ರತಿ ಸಲ ಅದೇ: ಖಾಸಗಿ ದವಾಖಾನಿ, ಡೆರಿಫಿಲಿನ್ ಸೂಜಿ, ಒಂದಿಷ್ಟು ಗುಳಿಗಿ, ಅಲ್ಲಿಗೆ ಎರಡು ದಿನದ ಕೂಲಿ ಖಲಾಸ್. ಪಂಪ್ ಬರೀರಿ ಅಂದ್ರೆ "ಅದು ಕೊನೀ ಸ್ಟೇಜಿಗೆ, ಚಟ ಆಗ್ತದ" ಅಂದ್ರು. ಅವ್ವ ನಂಬಿದ್ಳು. ಬಿಎ ಓದಿ ಕ್ಲರ್ಕ್ ಆಗಿದ್ದ ನಾನೂ ನಂಬಿದ್ದೆ.

ಲೆಕ್ಕ ನೋಡ್ರಿ. ಸಾಲ್ಬುಟಮಾಲ್ ಅನ್ನೋ ಔಷಧ ಬಿಗಿದ ಶ್ವಾಸನಾಳವನ್ನ ಸಡಿಲ ಮಾಡ್ತದ. ಗುಳಿಗಿಯಾದ್ರೆ 4 ಮಿಲಿಗ್ರಾಂ, ಹೊಟ್ಟಿಗೆ ಹೋಗಿ, ರಕ್ತದಾಗ ಸುತ್ತಿ ಬರಬೇಕು. ಕೈ ನಡುಗ್ತಾವ, ಎದಿ ಡವಡವ ಅಂತದ. ಪಂಪ್ ಒಂದು ಸಲ ಒತ್ತಿದ್ರೆ 100 ಮೈಕ್ರೋಗ್ರಾಂ. ಎರಡು ಸಲ ಒತ್ತಿದ್ರೂ ಆ ಗುಳಿಗಿಯ ಇಪ್ಪತ್ತನೇ ಒಂದು ಪಾಲು, ಅದೂ ನೇರ ಶ್ವಾಸನಾಳಕ್ಕೆ. ಕೆಲವೇ ನಿಮಿಷದಾಗ ಉಸಿರು ಬಿಡ್ತದ. ಒಂದು ಪಂಪಿನಾಗ 200 ಸಲ ಒತ್ತುವಷ್ಟು ಔಷಧ. ಸೆರೆ, ಬೀಡಿಯಂಥ ಚಟ ಅದರಾಗಿಲ್ಲ.

ಡೆರಿಫಿಲಿನ್ ಕಥಿ ಬ್ಯಾರೆ. ಅದರಾಗಿನ ಥಿಯೋಫಿಲಿನ್ ಚಹಾ ಎಲಿಯಾಗೂ ಇರ್ತದ, 1888ರಲ್ಲೇ ಕಂಡುಹಿಡಿದದ್ದು. ಕೆಲಸ ಮಾಡ್ತದ, ಸುಳ್ಳಲ್ಲ. ಆದ್ರೆ ಗುಣ ಮಾಡೋ ಪ್ರಮಾಣಕ್ಕೂ ವಿಷ ಆಗೋ ಪ್ರಮಾಣಕ್ಕೂ ಅಂತರ ಭಾಳ ಕಮ್ಮಿ. ಜ್ವರಕ್ಕಂತ ಜೋಡಿ ಸಿಪ್ರೋಫ್ಲಾಕ್ಸಾಸಿನ್ ಕೊಟ್ರೆ ರಕ್ತದಾಗ ಅದು ಏರ್ತದ: ವಾಂತಿ, ಎದಿಬಡಿತ, ಕೆಟ್ರೆ ಫಿಟ್ಸ್. ನಮ್ಮವರ ಚೀಟಿಯಾಗ ಎರಡೂ ಕೂಡೇ ಇರೋದನ್ನ ನಾನೇ ನೋಡೀನಿ.

ಹಂಗಂತ ಸಾಲ್ಬುಟಮಾಲ್ ಒಂದೇ ಸಾಕು ಅಂತಲ್ಲ. ಅದು ಆ ಹೊತ್ತಿನ ಬಿಗಿ ಬಿಡಿಸ್ತದ, ಒಳಗಿನ ಬಾವು ಇಳಿಸಲ್ಲ. ಅಸ್ತಮಾ ಇದ್ದವರಿಗೆ ಸ್ಟೀರಾಯ್ಡ್ ಪಂಪೂ ಬೇಕು, ಅದನ್ನ ಡಾಕ್ಟರ್ ನೋಡಿ ಬರೀಬೇಕು.

ಸಾಲ್ಬುಟಮಾಲ್ ಪಂಪ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಾಗ ಅದ. ಸರ್ಕಾರಿ ದವಾಖಾನಿಯಾಗ ಕೇಳ್ರಿ. ಸ್ಟಾಕ್ ಇಲ್ಲ ಅಂದ್ರೆ, ಇಲ್ಲ ಅಂತ ಬರೆದುಕೊಡ್ರಿ ಅನ್ರಿ. ಅರ್ಜಿ ಬರೆಯೋದು ನನಗೆ ಬಿಡ್ರಿ, ದಿನಾ ಮಾಡೋದು ಅದೇ ನೌಕರಿ.

ಅವ್ವ ಈಗ ಪಂಪನ್ನ ಎಲಿ ಅಡಿಕಿ ಚೀಲದಾಗ ಇಟ್ಕೊಂಡು ತಿರುಗ್ತಾಳ. ಕೇರಿಯಾಗ ಯಾರಿಗರ ದಮ್ಮು ಬಂದ್ರೆ, ಹೆಂಗ ಎಳೀಬೇಕು, ಹತ್ತು ಎಣಿಸೋತನ ಉಸಿರು ಹೆಂಗ ಹಿಡೀಬೇಕು ಅಂತ ಆಕಿನೇ ತೋರಿಸ್ತಾಳ.