‘ಇವತ್ತು ಬೇಡ’ ಎನ್ನುವವನಿಗೆ ಬಲ ಕೊಡಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,



ಹೊನ್ನಾಳಿ ತಾಲ್ಲೂಕಿನ ನಮ್ಮ ಸಾಸ್ವೆಹಳ್ಳಿಗೂ ಕಡಲಿಗೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. ನಮ್ಮಲ್ಲಿ ಅಡಿಕೆ, ಭತ್ತ, ಮೆಕ್ಕೆಜೋಳದ ಮಾತೇ ಹೆಚ್ಚು. ನಮಗೆ ಗೊತ್ತಿರುವ ನೀರೆಂದರೆ ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಇತ್ತ ಹರಿದುಬರುವ ಹೊಳೆ, ಭದ್ರಾ ಚಾನಲ್, ಪಕ್ಕದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಆದರೆ ಡಿಸೆಂಬರ್ ಬಂತೆಂದರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಶಿವಮೊಗ್ಗ, ಸಾಗರ, ಜೋಗ ದಾಟಿ ಘಟ್ಟ ಇಳಿಯುತ್ತವೆ. ಹೊನ್ನಾವರ, ಮುರ್ಡೇಶ್ವರ, ಗೋಕರ್ಣ, ಕಾರವಾರ. ಬಸ್ಸಿನಲ್ಲಿರುವ ಮಕ್ಕಳಲ್ಲಿ ಎಷ್ಟೋ ಜನ ಸಮುದ್ರ ನೋಡುವುದು ಅದೇ ಮೊದಲು. ಈಜು ಬಾರದವರೇ ಹೆಚ್ಚು. ಕರಾವಳಿಯಲ್ಲಿ ನೀವು ಏನೇ ಹೊಸ ಜಲಕ್ರೀಡೆ ತಂದರೂ ಅದರ ಗಿರಾಕಿಗಳು ನಾವು, ಬಯಲುಸೀಮೆಯವರು. ಅದಕ್ಕೇ ಈ ಪತ್ರ.

ಈಚಿನ ವರ್ಷಗಳಲ್ಲಿ ಕರಾವಳಿಯಲ್ಲಿ ಕಯಾಕ್ ಹೆಸರು ಜೋರಾಗಿ ಕೇಳಿಬರುತ್ತಿದೆ. ಒಬ್ಬರೋ ಇಬ್ಬರೋ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುತ್ತ ಸಾಗುವ ಪುಟ್ಟ ದೋಣಿ ಅದು. ಹೊನ್ನಾವರದ ಶರಾವತಿಯ ಕಾಂಡ್ಲಾ ಗಿಡಗಳ ನಡುವೆ, ಉಡುಪಿಯ ಕೋಡಿ ಬೆಂಗ್ರೆಯ ಹತ್ತಿರ, ಕಾರವಾರದ ಕಾಳಿಯಲ್ಲಿ ಗೈಡ್ ಜೊತೆ ಹೋಗಿಬರಬಹುದು. ಇವೆಲ್ಲ ಹೊಳೆ ಮತ್ತು ಅಳಿವೆಯ ನೀರು. ಗೋಕರ್ಣದ ಕಡೆಯಾದರೆ ನೇರ ಕಡಲಿಗೇ ಇಳಿಯುವ ಟ್ರಿಪ್ಪುಗಳಿವೆ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇವುಗಳ ಬಗ್ಗೆ.

ಆ ಕರಾವಳಿಯ ಚೆಲುವಿಗೆ ಕಾರಣವಾದದ್ದೇ ಅದರ ಅಪಾಯಕ್ಕೂ ಕಾರಣ. ಗೋಕರ್ಣದ ದಕ್ಷಿಣಕ್ಕೆ ಗುಡ್ಡಗಳು ನೇರ ಕಡಲೊಳಕ್ಕೆ ಚಾಚಿವೆ. ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ನಡುವೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಮರಳ ದಂಡೆಗಳು. ಕೊನೆಯ ಎರಡಕ್ಕೆ ಕಾಲುದಾರಿ ಇಲ್ಲವೇ ದೋಣಿ, ವಾಹನ ಹೋಗುವ ರಸ್ತೆಯಿಲ್ಲ. ದಂಡೆಯ ಎದುರಿಗಿದ್ದಾಗ ಏನಾದರೂ ಆದರೆ ಮರಳಿಗೆ ಬಂದು ಬೀಳಬಹುದು. ಗುಡ್ಡದ ತುದಿ ಸುತ್ತುವಾಗ ಹಾಗಿಲ್ಲ. ಅಲ್ಲಿ ಇಳಿಯಲು ಜಾಗವೇ ಇಲ್ಲ, ಬರೀ ಬಂಡೆ. ಬಂಡೆಗೆ ಬಡಿದು ಹಿಂದಿರುಗುವ ಅಲೆ ಎದುರು ಬರುವ ಅಲೆಗೆ ಡಿಕ್ಕಿ ಹೊಡೆದು ನೀರು ಯಾವ ಕಡೆಯಿಂದ ಎದ್ದೀತೆಂದು ಹೇಳಲಾಗದು. ಇನ್ನು ಗಾಳಿ. ಬೆಳಿಗ್ಗೆ ಅದು ನೆಲದಿಂದ ಕಡಲಿಗೆ ಬೀಸುತ್ತದೆ. ದಡದ ಹತ್ತಿರ ಗುಡ್ಡದ ಮರೆ ಇರುವುದರಿಂದ ನೀರು ಕನ್ನಡಿಯಂತೆ ಕಾಣುತ್ತದೆ. ಮರೆ ದಾಟಿದ ಮೇಲೆ ಅದೇ ಗಾಳಿ ದೋಣಿಯನ್ನು ಸದ್ದಿಲ್ಲದೆ ಹೊರಕ್ಕೆ ತಳ್ಳುತ್ತ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲ ಕಡೆಯಿಂದ ಬೀಸತೊಡಗಿದರೆ ಅಲೆ ಏಳುತ್ತದೆ. ದಂಡೆಯಲ್ಲಿ ನಿಂತು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಹುಟ್ಟಿದಂದಿನಿಂದ ಅಲ್ಲೇ ಇರುವ ಹರಿಕಂತ್ರರಿಗೆ, ಖಾರ್ವಿಗಳಿಗೆ, ಅಂಬಿಗರಿಗೆ ಕಾಣುತ್ತದೆ.

ನಾವು ಊರಿನ ಕೆಲವರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದೆವು. ನಮ್ಮ ಗೈಡ್ ಮೀನುಗಾರರ ಮನೆಯ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ನೀರಿಗಿಳಿಸುವ ಮುಂಚೆ ಪ್ರತಿಯೊಬ್ಬರ ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ನನ್ನ ಮಗಳದು ಗಲ್ಲದವರೆಗೆ ಎದ್ದು ಬಂತು. ನೀರಿಗೆ ಬಿದ್ದರೆ ಮೈ ಕೆಳಗುಳಿದು ಜಾಕೆಟ್ ಮಾತ್ರ ಮೇಲೆ ಹೋಗುತ್ತದೆ ಎಂದು ಹೇಳಿ, ಬಿಚ್ಚಿಸಿ, ಚಿಕ್ಕದೊಂದನ್ನು ತಂದು ತೊಡಿಸಿ ಬಕಲ್ ಬಿಗಿದ. ಆಮೇಲೆ ಸೊಂಟದ ಮಟ್ಟದ ನೀರಿನಲ್ಲಿ ಎಲ್ಲರನ್ನೂ ಬೇಕೆಂದೇ ಮಗುಚಿಸಿದ. ಮಗುಚಿದ ದೋಣಿಯನ್ನು ಬಿಡದೆ ಹಿಡಿದಿರಬೇಕು, ದಡ ಹತ್ತಿರ ಕಂಡಿತೆಂದು ಈಜಲು ಹೋಗಬಾರದು ಎಂಬುದನ್ನು ಅವನು ಬಾಯಲ್ಲಿ ಹೇಳಿ ಬಿಡಲಿಲ್ಲ, ಮಾಡಿಸಿದ. ಕೆಲವರು ಉಪ್ಪುನೀರು ಕುಡಿದು ಕೆಮ್ಮಿದರು. ಆದರೂ ಯಾರಿಗೂ ಬೇಸರವಾಗಲಿಲ್ಲ.

ಓಂ ದಂಡೆಯಿಂದ ಹೊರಟು ಹಾಫ್ ಮೂನ್ ದಾಟಿದ ಮೇಲೆ ಅವನು ಹುಟ್ಟು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಪಡುವಣಕ್ಕೆ ನೋಡುತ್ತ ಕೂತ. “ಮುಂದೆ ಹೋಗುದು ಬ್ಯಾಡ ಸರ್. ಗಾಳಿ ತಿರುಗ್ತಾ ಇದೆ” ಎಂದ. ನಮ್ಮವರೊಬ್ಬರು, “ಏ ನಡಿಯಪ್ಪ, ಪ್ಯಾರಡೈಸ್ ತನಕ ಅಂತ ದುಡ್ಡು ಕೊಟ್ಟೀವಿ” ಅಂದರು. “ದುಡ್ಡಿಂದು ಓನರ್ ಹತ್ರ ಕೇಳಿ. ನಾ ಮಾತ್ರ ಮಕ್ಕಳನ್ನ ಕರ್ಕಂಡು ಆ ಗುಡ್ಡೆ ಸುತ್ತುದಿಲ್ಲ” ಎಂದು ದೋಣಿ ತಿರುಗಿಸಿದ. ಒಂದು ಗಂಟೆಯೂ ಕಳೆದಿರಲಿಲ್ಲ, ನಾವು ಬಿಟ್ಟುಬಂದ ಬಂಡೆಯ ಮೇಲೆ ಅಲೆ ಒಡೆದು ಬೆಳ್ಳಗೆ ಹಾರುವುದನ್ನು ದಂಡೆಯ ಮೇಲೆ ನಿಂತು ನೋಡಿದೆವು.

ನಮಗೆ ಅರ್ಧ ದುಡ್ಡು ವಾಪಸ್ ಬಂತು. ಆ ಅರ್ಧವನ್ನು ಓನರ್ ಹುಡುಗನ ಲೆಕ್ಕದಲ್ಲಿ ಹಿಡಿದುಕೊಂಡರು ಎಂಬುದು ಆಮೇಲೆ ಗೊತ್ತಾಯಿತು. ಆ ಧಣಿಯನ್ನು ದೂರಲು ನಾನು ಇಲ್ಲಿ ಕೂತಿಲ್ಲ, ಅವರ ಹೆಸರು ಬರೆಯುವುದೂ ಇಲ್ಲ. ಆದರೆ ಸಚಿವರೇ, ಇದನ್ನು ತಾವು ಯೋಚಿಸಬೇಕು. ನಮ್ಮ ಮಕ್ಕಳ ಜೀವ ಕಾಯುವ ಮಾತು ಆಡಿದ್ದಕ್ಕೆ ಆ ಹುಡುಗ ಕೂಲಿ ಕಳೆದುಕೊಂಡ. ಮನೆಯಲ್ಲಿ ಖರ್ಚಿದ್ದ ಇನ್ನೊಂದು ದಿನ ಅವನು ಅದೇ ಮಾತು ಆಡುತ್ತಾನೆಯೇ? ಆಡಬೇಕೆಂದು ಕೇಳುವ ಹಕ್ಕು ನಮಗೆ ಎಲ್ಲಿದೆ?

ಕಡಲು ನಮ್ಮಂಥವರನ್ನು ಬಲಿ ತೆಗೆದುಕೊಂಡದ್ದು ಹಳೆಯ ಮಾತಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯ ದಿನ ದೋಣಿ ಮಗುಚಿ 16 ಜನ ಸತ್ತರು. ಹಲವರು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನವರು, ಅದರಲ್ಲಿ ಮಕ್ಕಳೂ ಇದ್ದರು. ಹಾವೇರಿ ನಮಗೆ ನೆರೆಯ ಜಿಲ್ಲೆ. ಹಿಡಿಸುವುದಕ್ಕಿಂತ ಹೆಚ್ಚು ಜನ ದೋಣಿ ಹತ್ತಿದ್ದರು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಕರೆದೊಯ್ದ ಶಿಕ್ಷಕರ ಮೇಲೆ ಕ್ರಮವಾಯಿತು, ಕೆಲಕಾಲ ಕಡಲತೀರ ಬಂದ್ ಆಯಿತು. ಆ ವಾರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಪ್ರವಾಸಕ್ಕೆ ಮಕ್ಕಳನ್ನು ಕಳಿಸುವುದೇ ಬೇಡ ಎಂದರು. ಹಾಗೆ ಅಂದದ್ದು ತಪ್ಪೆಂದು ನಾನು ಹೇಳಲಾರೆ. ಆದರೂ ಬಂದ್ ಮಾಡುವುದರಿಂದ ಮಕ್ಕಳು ನೀರನ್ನು ಅರಿಯುವುದಿಲ್ಲ. ಇಲ್ಲಿ ಹೊಳೆಗೂ ಚಾನಲ್ಲಿಗೂ ಬಿದ್ದು ಸಾಯುವ ಹುಡುಗರಿಗೆ ಯಾವ ಬೀಚ್ ಬಂದ್ ಮಾಡಿದರೂ ಉಪಯೋಗವಿಲ್ಲ.

ಇನ್ನೊಂದು ದೇಶದ ಕಥೆ ಹೇಳುತ್ತೇನೆ, ದಯವಿಟ್ಟು ಕೇಳಿ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಊರಿನಿಂದ ಪ್ಲಿಮತ್‌ನ ಒಂದು ಶಾಲೆಯ 8 ಮಕ್ಕಳು, ಒಬ್ಬ ಶಿಕ್ಷಕರು, ಇಬ್ಬರು ಬೋಧಕರು ಕಯಾಕ್‌ಗಳಲ್ಲಿ ಹೊರಟರು. ಹೋಗಬೇಕಾಗಿದ್ದುದು ಕರಾವಳಿಯುದ್ದಕ್ಕೂ ಎರಡೇ ಮೈಲಿ ದೂರದ ಚಾರ್ಮತ್‌ಗೆ. ಊಟದ ಹೊತ್ತಿಗೆ ತಲುಪಬೇಕಿತ್ತು. ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿತ್ತು. ಶಿಕ್ಷಕರ ದೋಣಿ ಮತ್ತೆ ಮತ್ತೆ ಮಗುಚಿ ಒಬ್ಬ ಬೋಧಕರು ಅವರ ಬಳಿಯೇ ಉಳಿಯಬೇಕಾಯಿತು. ಉಳಿದ ಒಬ್ಬ ಬೋಧಕರ ಜೊತೆ ಮಕ್ಕಳು ಹೊರಕ್ಕೆ, ಇನ್ನೂ ಹೊರಕ್ಕೆ ತೇಲಿಹೋದರು. ದೋಣಿಗಳು ನೀರು ತುಂಬಿ ಮುಳುಗಿದವು. ಅವರ ಬಳಿ ಅಪಾಯದ ಸಂಕೇತ ಕೊಡುವ ಬಾಣಬಿರುಸು ಇರಲಿಲ್ಲ. ದಡದಲ್ಲಿದ್ದವರು ಕರಾವಳಿ ರಕ್ಷಣಾ ಪಡೆಗೆ ತಿಳಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಹದಿಹರೆಯದ ನಾಲ್ವರು ಸತ್ತರು.

ಆ ಮಕ್ಕಳನ್ನು ಕರೆದೊಯ್ದ ಸಾಹಸ ಕೇಂದ್ರದಲ್ಲಿ ಹಿಂದೆ ಕೆಲಸ ಮಾಡಿ ಬಿಟ್ಟಿದ್ದ ಬೋಧಕರು ಅಲ್ಲಿ ಸುರಕ್ಷತೆ ಸಾಲದೆಂದು ಹಿಂದಿನ ವರ್ಷವೇ ಅದನ್ನು ನಡೆಸುತ್ತಿದ್ದ ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದಿದ್ದರು. ಬೇಡ ಎಂದವರ ಮಾತಿಗೆ ಬೆಲೆ ಸಿಗಲಿಲ್ಲ. 1994ರಲ್ಲಿ ಕೋರ್ಟು ಕಂಪನಿಯನ್ನೂ ಮುಖ್ಯಸ್ಥರನ್ನೂ ಅಪರಾಧಿಗಳೆಂದು ಹೇಳಿತು, ಮುಖ್ಯಸ್ಥರು ಜೈಲಿಗೆ ಹೋದರು. 1995ರಲ್ಲಿ ಮಕ್ಕಳನ್ನು ಸಾಹಸಕ್ಕೆ ಕರೆದೊಯ್ಯುವ ಕೇಂದ್ರಗಳ ಪರವಾನಗಿಗೆ ಬ್ರಿಟಿಷ್ ಸಂಸತ್ತು ಕಾಯ್ದೆಯನ್ನೇ ತಂದಿತು. ಅವರು ಕಡಲನ್ನು ಮುಚ್ಚಲಿಲ್ಲ. ಇವತ್ತಿಗೂ ಅಲ್ಲಿ ಮಕ್ಕಳು ಕಯಾಕ್ ಹುಟ್ಟು ಹಾಕುತ್ತಾರೆ.

ನಮ್ಮಲ್ಲೂ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಂಬಲದಿಂದ 2018ರಲ್ಲಿ ಸಾಹಸ ಪ್ರವಾಸದ ಮಾರ್ಗಸೂಚಿ ಬಂತು. ಅದು ಬರೀ ಮಾರ್ಗಸೂಚಿ, ಕಾನೂನಲ್ಲ. ಪಾಲಿಸಿದವರಿಗೆ ಲಾಭವಿಲ್ಲ, ಪಾಲಿಸದವರಿಗೆ ನಷ್ಟವಿಲ್ಲ.

ತಮ್ಮ ಇಲಾಖೆ ಜಿಲ್ಲಾಡಳಿತದ ಜೊತೆ ಸೇರಿ ಜಲಕ್ರೀಡೆಗೆ ಕೊಡುವ ಅನುಮತಿ ಪತ್ರದಲ್ಲಿ ಒಂದು ಷರತ್ತನ್ನು ಸೇರಿಸಬೇಕೆಂದು ಕೇಳುತ್ತೇನೆ. ಕಡಲಿಗೆ ಇಳಿಯಬೇಕೋ ಬೇಡವೋ, ಇಳಿದ ಮೇಲೆ ಎಲ್ಲಿಂದ ತಿರುಗಬೇಕು ಎಂಬ ಮಾತು ಗೈಡ್‌ನದೇ ಕೊನೆ. ಅವನು ಬೇಡವೆಂದ ದಿನ ಗಿರಾಕಿಗೆ ಪೂರ್ತಿ ದುಡ್ಡು ವಾಪಸ್ ಹೋಗಬೇಕು, ಅವನ ಆ ದಿನದ ಸಂಬಳ ಮಾತ್ರ ಒಂದು ರೂಪಾಯಿ ಕಡಿಮೆಯಾಗಬಾರದು. ಹೀಗೆ ಮಾಡಿದರೆ ಆಪರೇಟರುಗಳಿಗೆ ಹೊರೆ ಎನ್ನುತ್ತಾರೆ. ಆ ಹೊರೆಗೆಂದೇ ಪ್ರತಿ ಟಿಕೆಟ್ಟಿನಲ್ಲಿ ಒಂದಿಷ್ಟು ಎತ್ತಿಟ್ಟು ನಿಧಿ ಮಾಡಬಹುದು. ನಮ್ಮ ಮಕ್ಕಳಿಗಾಗಿ ಆ ಹೆಚ್ಚಿನ ದುಡ್ಡು ಕೊಡಲು ನಾವು ಸಿದ್ಧ. ಷರತ್ತನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಟಿಕೆಟ್ ಕೊಡುವ ಜಾಗದಲ್ಲೇ ಹಾಕಿಸಿ. ‘ದುಡ್ಡು ಕೊಟ್ಟೀವಿ’ ಎನ್ನುವ ನಮ್ಮವರ ಬಾಯಿ ಅಲ್ಲೇ ಮುಚ್ಚಬೇಕು.

ಗೈಡ್‌ಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯೇ ಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಕರಾವಳಿಯ ಹುಡುಗರನ್ನು ಕೂರಿಸಿ ಪ್ರಥಮ ಚಿಕಿತ್ಸೆ, ವಾಕಿಟಾಕಿ, ಹವಾಮಾನ ವರದಿ ಓದುವುದನ್ನು ಕಲಿಸಬಹುದು. ಅಲೆ ಏಳುವ ಮುನ್ಸೂಚನೆಯನ್ನು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ದಿನವೂ ಕೊಡುತ್ತದೆ. ಕಲಿಸುವವರೂ ಇದ್ದಾರೆ: ಕಾರವಾರಕ್ಕೆ ಹತ್ತಿರದ ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ, ನಮ್ಮದೇ ಯುವ ಸಬಲೀಕರಣ ಇಲಾಖೆಯ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ. ಕಡಲ ಅರಿವು ಆ ಹುಡುಗರಲ್ಲಿ ಮೊದಲೇ ಇದೆ. ಅದಕ್ಕೊಂದು ಸರ್ಟಿಫಿಕೇಟ್, ಒಂದು ಖಾಯಂ ಸಂಬಳ ಸಿಕ್ಕರೆ ಅವರು ಬೆಂಗಳೂರಿನ ಬಸ್ ಹತ್ತುವುದಿಲ್ಲ. ಹೊರಟ ಹೊತ್ತು, ಮಕ್ಕಳ ಸಂಖ್ಯೆ, ಮರಳಬೇಕಾದ ಹೊತ್ತನ್ನು ದಡದಲ್ಲಿ ಒಬ್ಬರು ಬರೆದಿಟ್ಟುಕೊಂಡು, ಆ ಹೊತ್ತು ಮೀರಿದ ಕೂಡಲೇ ಕೋಸ್ಟ್ ಗಾರ್ಡ್‌ನ 1554ಕ್ಕೋ ಕರಾವಳಿ ಕಾವಲು ಪೊಲೀಸರ 1093ಕ್ಕೋ ಫೋನ್ ಮಾಡಬೇಕು ಎಂಬುದಕ್ಕೆ ಬಜೆಟ್ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಲೈಮ್ ರೀಜಿಸ್‌ನಲ್ಲಿ ಜೀವ ಹೋಗಲು ಇಂಥ ಫೋನ್ ತಡವಾದದ್ದೂ ಒಂದು ಕಾರಣ.

ಕೊನೆಗೆ ನಮ್ಮ ಕಡೆಯ ಕೆಲಸ. ಮಗುಚಿದ ದೋಣಿ ಹಿಡಿದು ತೇಲುವುದನ್ನು ಮೊದಲ ಸಲ ಕಲಿಯಬೇಕಾದ್ದು ಕಡಲಿನಲ್ಲಲ್ಲ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸೂಳೆಕೆರೆ ಇರುವಾಗ ಅದರ ಒಂದು ಮೂಲೆಯಲ್ಲಿ, ಆಳವಿಲ್ಲದ ಕಡೆ, ಚಳಿಗಾಲದಲ್ಲಿ ಒಂದು ಶಿಬಿರ ನಡೆಸಬಹುದು. ನಮ್ಮ ಊರ ಹೆಸರಿನ ಏತ ನೀರಾವರಿ ಯೋಜನೆ ಇರುವುದೇ ಕೆರೆಗಳಿಗೆ ಹೊಳೆಯ ನೀರು ತುಂಬಿಸಲು, ಕೆರೆ ತುಂಬಿದಷ್ಟೂ ಮಕ್ಕಳಿಗೆ ನೀರಿನ ಅರಿವು ಬೇಕು. ನಾಲ್ಕು ಕಯಾಕ್, ಇಪ್ಪತ್ತು ಜಾಕೆಟ್, ಕರಾವಳಿಯಿಂದ ಬಂದ ಇಬ್ಬರು ಗೈಡ್‌ಗಳು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳ ಪ್ರೌಢಶಾಲೆಗಳ ಮಕ್ಕಳು ಸರದಿಯಂತೆ ಬಂದು ಕಲಿಯಲಿ. ಹೊಳೆಯಲ್ಲಿ ಹರಿಗೋಲು ನಡೆಸಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನೂ ಕರೆಯಿರಿ. ಈ ಶಿಬಿರ ಮುಗಿಸಿದ ಮಕ್ಕಳನ್ನಷ್ಟೇ ಕಡಲ ಕಯಾಕ್‌ಗೆ ಕಳಿಸಬೇಕೆಂದು ಶಿಕ್ಷಣ ಇಲಾಖೆ ನಿಯಮ ಮಾಡಿದರೆ ಯಾವ ತಂದೆತಾಯಿಯೂ ಬೇಡವೆನ್ನುವುದಿಲ್ಲ.

ಶಾಲೆಗಳು ಪ್ರವಾಸದ ಬಸ್ಸಿಗೆ ಮುಂಗಡ ಕೊಡುವುದು ದೀಪಾವಳಿ ಮುಗಿಯುತ್ತಿದ್ದಂತೆ. ಅದಕ್ಕೂ ಮೊದಲು ತಮ್ಮ ಇಲಾಖೆಯ ಆದೇಶ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳಿಗೆ ಹೋಗಲಿ, ಅದರ ಒಂದು ಪ್ರತಿ ದಾವಣಗೆರೆಗೂ ಬರಲಿ. ನಮ್ಮ ಶಾಲೆಯ ನೋಟಿಸ್ ಬೋರ್ಡಿಗೆ ನಾನೇ ಅಂಟಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಮಗುವೊಂದರ ಪಾಲಕ
ಸಾಸ್ವೆಹಳ್ಳಿ, ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ